ಹಳೆಯ ಟ್ರಾಕ್ಟರಿಗೆ ಬಿಡಿಭಾಗಗಳನ್ನು ಆರಿಸುವ ಕ್ರಮ

ತುಂಗಭದ್ರಾ ನದಿಯ ಬಲದಂಡೆಯಲ್ಲಿರುವ ಹೊಸಪೇಟೆ, ಹಂಪೆ, ಕಂಪ್ಲಿ ಸೀಮೆಗಳಲ್ಲಿಯೂ, ಅವುಗಳಿಗೆ ದಕ್ಷಿಣದಲ್ಲಿ ಬೆಟ್ಟಗಳ ನಡುವೆ ನೆಲಸಿರುವ ಸಂಡೂರು ಸೀಮೆಯಲ್ಲಿಯೂ ಬೇಸಾಯದ ಭಾರವನ್ನು ಈಗ ಎತ್ತುಗಳಿಗಿಂತ ಟ್ರಾಕ್ಟರುಗಳೇ ಹೆಚ್ಚಾಗಿ ಹೊತ್ತಿವೆ. ಹದಿನೈದು ಇಪ್ಪತ್ತು ವರ್ಷ ದುಡಿದ ಯಂತ್ರಗಳೂ ಇವುಗಳಲ್ಲಿ ಉಂಟು. ಕೊಂಡಾಗ ಮಾಡಿದ ಸಾಲವು ತೀರಿದ ಮೇಲೆ ಯಂತ್ರವು ದುಡಿದದ್ದೆಲ್ಲವೂ ರೈತನ ಕೈಗೆ ಬರುವುದಾದುದರಿಂದ, ಹಳೆಯ ಟ್ರಾಕ್ಟರನ್ನು ಇಟ್ಟುಕೊಂಡಿರುವುದು ಅವಿವೇಕವೇನೂ ಅಲ್ಲ. ಆದರೆ ಸವೆದ ಭಾಗಗಳನ್ನು ಒಂದೊಂದಾಗಿ ಬದಲಾಯಿಸಬೇಕಾದ ಕಾಲವೂ ಅದೇ ಆಗಿರುವುದು. ಅಂಗಡಿಗೆ ಹೋದ ರೈತನ ಮುಂದೆ ಒಂದೇ ಭಾಗವನ್ನು ಎರಡು ಮೂರು ಬೆಲೆಗಳಲ್ಲಿ ಇಡುವರು. ಹೆಚ್ಚು ಬೆಲೆಯದನ್ನು ಕಂಪೆನಿ ಮಾಲೆಂದೂ, ಕಡಮೆ ಬೆಲೆಯದನ್ನು ಲೋಕಲ್ ಎಂದೂ ಕರೆಯುವರು. ಹಣವಿದ್ದವನು ಮೊದಲನೆಯದನ್ನೂ ಇಲ್ಲದವನು ಎರಡನೆಯದನ್ನೂ ಕೊಳ್ಳುವುದು ವಾಡಿಕೆಯಾಗಿದೆ. ಆರಿಸಬೇಕಾದ ಕ್ರಮವು ಇದಲ್ಲ. ಯಾವ ಭಾಗಕ್ಕೆ ಹೆಚ್ಚು ಹಣ ಕೊಡುವುದು ನ್ಯಾಯ, ಯಾವುದಕ್ಕೆ ಕೊಡುವುದು ವ್ಯರ್ಥ ಎಂಬುದು ಆ ಭಾಗದ ಕೆಲಸವನ್ನು ಅವಲಂಬಿಸಿರುವುದೇ ಹೊರತು ಕೊಳ್ಳುವವನ ಚೀಲವನ್ನಲ್ಲ.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳುವುದು ಅವಶ್ಯಕ. ಅಸಲು, ಲೋಕಲ್ ಎಂಬ ಎರಡು ಮಾತುಗಳೊಳಗೆ ನಾಲ್ಕು ಬಗೆಯ ಸರಕು ಅಡಗಿದೆ. ಟ್ರಾಕ್ಟರಿನ ಕಂಪೆನಿಯು ತನ್ನ ಡಬ್ಬಿಯಲ್ಲಿಟ್ಟು ತನ್ನ ಮುದ್ರೆಯೊಡನೆ ಮಾರುವುದು ಒಂದು. ಯಾವ ಟ್ರಾಕ್ಟರು ಕಂಪೆನಿಯೂ ತನ್ನ ಯಂತ್ರದ ಎಲ್ಲಾ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ. ಬೇರಿಂಗು, ಸೀಲು, ಫಿಲ್ಟರು, ಡೀಸೆಲ್ ಪಂಪು, ಕ್ಲಚ್ಚು ಮುಂತಾದುವನ್ನು ಬೇರೆ ಕಾರ್ಖಾನೆಗಳಿಂದ ತರಿಸಿ ಜೋಡಿಸುವುದು. ಆ ಕಾರ್ಖಾನೆಗಳು ಅದೇ ಭಾಗವನ್ನು ತಮ್ಮ ಸ್ವಂತ ಹೆಸರಿನಲ್ಲಿಯೂ ಮಾರುವುದುಂಟು. ಇದು ಎರಡನೆಯ ಬಗೆ. ಮೂಲ ಯಂತ್ರಕ್ಕೆ ಎಂದೂ ಒದಗಿಸದಿದ್ದರೂ ಅದೇ ಅಳತೆಗೆ ಸರಿಯಾದ ಭಾಗವನ್ನು ತಯಾರಿಸಿ, ತಮ್ಮ ಹೆಸರನ್ನು ಮುಚ್ಚಿಡದೆ ಮಾರುವ ಕಾರ್ಖಾನೆಗಳ ಸರಕು ಮೂರನೆಯದು. ಇದರಲ್ಲಿ ಒಳ್ಳೆಯದೂ ಉಂಟು, ಕೆಟ್ಟುದೂ ಉಂಟು. ನಾಲ್ಕನೆಯದು, ಪರರ ಹೆಸರನ್ನೂ ಮುದ್ರೆಯನ್ನೂ ಕದ್ದು ಅಚ್ಚು ಹಾಕಿಸಿ ಮಾರುವ ಖೋಟಾ ಸರಕು. ಮೂರನೆಯದನ್ನು ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿರುವೆನೆಂಬುದು ಗೊತ್ತಿರುವುದು. ನಾಲ್ಕನೆಯದರಲ್ಲಿ ಅದೂ ಇಲ್ಲ. ಖೋಟಾ ಭಾಗವು ಅನೇಕ ವೇಳೆ ಅಗ್ಗವೂ ಆಗಿರುವುದಿಲ್ಲ. ಅಸಲಿನ ಬೆಲೆಗೇ ಮಾರಾಟವಾಗುವುದರಿಂದಲೇ ಅದನ್ನು ಮಾಡುವವರಿಗೆ ಲಾಭ.

ಎರಡನೆಯ ಬಗೆಗೆ ಒಂದು ಉದಾಹರಣೆಯು ಈ ನಾಡಿನಲ್ಲಿಯೇ ಇದೆ. 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯು ಜರ್ಮನಿಯ ಬಾಷ್ ಕಂಪೆನಿಯ ಸಹಯೋಗದಿಂದ ಡೀಸೆಲ್ ಪಂಪು ಮತ್ತು ನಾಜಲ್ಲುಗಳನ್ನು ತಯಾರಿಸತೊಡಗಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತಾದರೂ, ಹಳೆಯ ಮೇಸ್ತ್ರಿಗಳ ಬಾಯಲ್ಲಿ ಇಂದಿಗೂ ಅದು ಮೈಕೋ ಪಂಪೇ. ಇಂಥ ಪಂಪಿರುವ ಟ್ರಾಕ್ಟರಿನ ಯಜಮಾನನು ಅದೇ ಕಾರ್ಖಾನೆಯ ಹೆಸರಿನಲ್ಲಿ ಅದೇ ನಂಬರಿನ ನಾಜಲ್ಲನ್ನು ಕೊಂಡರೆ ಅಸಲಿಗಿಂತ ಕೀಳಾದುದನ್ನು ಕೊಂಡಂತಾಗುವುದಿಲ್ಲ. ಡಬ್ಬಿಯ ಮೇಲಣ ಟ್ರಾಕ್ಟರು ಕಂಪೆನಿಯ ಹೆಸರಿಗಾಗಿ ಕೊಡಬೇಕಾಗಿದ್ದ ಹಣವು ಉಳಿಯುವುದು. ಹಳೆಯ ಭಾಗವನ್ನು ಬಿಚ್ಚಿದಾಗ ಅದರ ಮೈಮೇಲೆ ಯಾವ ಕಾರ್ಖಾನೆಯ ಗುರುತಿದೆ, ಯಾವ ನಂಬರಿದೆ ಎಂದು ಒರಸಿ ನೋಡಿ ಬರೆದಿಟ್ಟುಕೊಳ್ಳುವ ಅಭ್ಯಾಸವಿದ್ದರೆ ಇದು ಸಾಧ್ಯ. ಬಿಚ್ಚಿದ ಭಾಗವನ್ನು ಗ್ಯಾರೇಜಿನಲ್ಲಿಯೇ ಬಿಟ್ಟುಬರುವ ರೈತನಿಗೆ ಈ ದಾರಿಯು ಮುಚ್ಚಿಹೋಗುವುದು.

ಇನ್ನು ಯಾವ ಭಾಗಕ್ಕೆ ಯಾವ ಬಗೆಯ ಸರಕು ತಕ್ಕದ್ದೆಂಬುದನ್ನು ನಿರ್ಧರಿಸಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಆ ಭಾಗವು ಕೆಟ್ಟರೆ ತಾನೊಂದೇ ಕೆಡುವುದೋ, ಪಕ್ಕದವನ್ನೂ ಕೆಡಿಸುವುದೋ? ಅದನ್ನು ತಲಪಲು ಎಷ್ಟು ಯಂತ್ರವನ್ನು ಬಿಚ್ಚಬೇಕು? ಅದು ಕೆಟ್ಟಾಗ ಮನುಷ್ಯನ ಪ್ರಾಣಕ್ಕೆ ಅಪಾಯವುಂಟೋ? ಭಾಗದ ಗಾತ್ರವಾಗಲಿ ಬೆಲೆಯಾಗಲಿ ಈ ಪ್ರಶ್ನೆಗಳಿಗೆ ಉತ್ತರ ಹೇಳಲಾರದು. ಅತಿ ಅಗ್ಗದ ಭಾಗವೇ ಅನೇಕ ವೇಳೆ ಅತಿ ದುಬಾರಿಯಾದುದನ್ನು ಕಾಯುತ್ತಿರುವುದು.

ಕಂಪ್ಲಿಯ ಗದ್ದೆಗಳನ್ನು ನೋಡಿದರೆ ಇದು ವಿಶದವಾಗುವುದು. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ, ಹಿಂಗಾಲಿಗಳಿಗೆ ಕಬ್ಬಿಣದ ಪಟ್ಟಿಗಳ ಪಂಜರದಂಥ ಗಾಲಿಗಳನ್ನು ಜೋಡಿಸಿ, ಟ್ರಾಕ್ಟರನ್ನು ಕೆಸರಿನಲ್ಲಿ ದಿನಗಟ್ಟಲೆ ನಡೆಸುವರು. ಮುಂಗಾಲಿಯ ಗುಂಬವೂ ಹಿಂದಿನ ಅಚ್ಚಿನ ತುದಿಯೂ ನೀರಿನಲ್ಲಿಯೇ ತಿರುಗುವುವು. ಆ ನೀರನ್ನು ಒಳಗೆ ಬಿಡದೆ ತಡೆದಿರುವುದು ಬೆರಳಗಲದ ಒಂದು ರಬ್ಬರಿನ ಸೀಲು ಮಾತ್ರ. ಸೀಲಿನ ಒಳಗಿನ ತೆಳುವಾದ ತುಟಿಯನ್ನು ಒಂದು ಸಣ್ಣ ಸುರುಳಿ ಸ್ಪ್ರಿಂಗು ಅಚ್ಚಿಗೆ ಒತ್ತಿ ಹಿಡಿದಿರುವುದು. ರಬ್ಬರು ಕೀಳಾಗಿದ್ದರೆ ಎಣ್ಣೆಯ ಸಂಗದಿಂದ ಉಬ್ಬಿಯೋ ಬಿಸಿಯಿಂದ ಗಟ್ಟಿಯಾಗಿ ಬಿರಿದೋ ತುಟಿಯು ಬಿಡುವುದು. ಮೊದಲು ಗ್ರೀಸಿಗೆ ನೀರು ಸೇರುವುದು, ಬಳಿಕ ಸಣ್ಣ ಮರಳು. ಬೇರಿಂಗಿನ ಉರುಳೆಗಳು ತುಕ್ಕು ಹಿಡಿದು ಕುಳಿ ಬೀಳುವುವು. ಗಾಲಿಯು ಅಲ್ಲಾಡತೊಡಗಿ ಅಚ್ಚಿನ ತುದಿಯೂ ಸವೆಯುವುದು. ಹಿಂದಿನ ಸೀಲು ಹೋದರೆ ಗೇರುಪೆಟ್ಟಿಗೆಯ ಎಣ್ಣೆಗೆ ನೀರು ಬೆರೆತು ಹಾಲಿನ ಬಣ್ಣಕ್ಕೆ ತಿರುಗುವುದು.

ಲೆಕ್ಕಕ್ಕಾಗಿ ಒಳ್ಳೆಯ ಸೀಲಿಗೆ 200 ರೂಪಾಯಿ, ಅಗ್ಗದ್ದಕ್ಕೆ 80 ರೂಪಾಯಿ ಎಂದಿಟ್ಟುಕೊಂಡರೆ ಉಳಿತಾಯವು 120 ರೂಪಾಯಿ. ಎರಡರಲ್ಲಿ ಯಾವುದನ್ನು ಹಾಕಿದರೂ ಗಾಲಿಯನ್ನು ಕಳಚಿ ಅಚ್ಚನ್ನು ಬಿಚ್ಚುವ ಕೂಲಿಯು ಒಂದೇ. ಅಗ್ಗದ ಸೀಲು ನಾಟಿಯ ನಡುವೆ ಕೈಕೊಟ್ಟರೆ ಆ ಕೂಲಿಯನ್ನು ಮತ್ತೊಮ್ಮೆ ಕೊಟ್ಟು, ಬೇರಿಂಗನ್ನೂ ಕೊಂಡು, ಮೂರು ದಿನ ಯಂತ್ರವನ್ನು ನಿಲ್ಲಿಸಬೇಕಾಗುವುದು. ಮಡಿಯಲ್ಲಿ ಸಸಿಯು ಆ ಮೂರು ದಿನ ಕಾಯುವುದಿಲ್ಲ. ಬಲಿತ ಸಸಿಯನ್ನು ನೆಟ್ಟರೆ ತೆಂಡೆ ಕಡಮೆಯಾಗುವುದೆಂಬುದನ್ನು ಬತ್ತ ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಕಾಲುವೆಗೆ ನೀರು ಬಂದ ವಾರಗಳಲ್ಲಿ ಬಾಡಿಗೆಯ ಟ್ರಾಕ್ಟರೂ ಕೇಳಿದ ಕೂಡಲೆ ಸಿಕ್ಕುವುದಿಲ್ಲ. ಆದಕಾರಣ ಸೀಲಿನ ವಿಷಯದಲ್ಲಿ ಮೊದಲ ಎರಡು ಬಗೆಗಳನ್ನು ಬಿಟ್ಟು ಬೇರೆಯದನ್ನು ಕೊಳ್ಳಕೂಡದು.

ಹಾಗೆಂದು ಒಳ್ಳೆಯ ಸೀಲು ಎಲ್ಲಾ ಸೋರಿಕೆಯನ್ನೂ ನಿಲ್ಲಿಸುವುದೆಂದೂ ತಿಳಿಯಬಾರದು. ಹಳೆಯ ಯಂತ್ರಗಳಲ್ಲಿ ಸೀಲಿನ ತುಟಿಯು ವರ್ಷಗಟ್ಟಲೆ ಉಜ್ಜಿದ ಜಾಗದಲ್ಲಿ ಅಚ್ಚಿನ ಮೇಲೆಯೇ ಒಂದು ಗೀರು ಬಿದ್ದಿರುವುದು. ಉಗುರನ್ನು ಅಡ್ಡಲಾಗಿ ಎಳೆದರೆ ಅದು ತಗಲುವುದು. ಅಂಥ ಅಚ್ಚಿನ ಮೇಲೆ ಎಷ್ಟೇ ಬೆಲೆಯ ಸೀಲನ್ನು ಹಾಕಿದರೂ ಸೋರುವುದು ತಪ್ಪದು. ಸ್ಥಳವಿದ್ದರೆ ಸೀಲನ್ನು ಗೀರಿನಿಂದ ಸ್ವಲ್ಪ ಆಚೆಗೆ ಕೂರಿಸುವುದು, ಇಲ್ಲವೇ ಲೇತಿನವರಿಂದ ಅಚ್ಚಿಗೆ ತೆಳುವಾದ ಉಕ್ಕಿನ ತೋಳನ್ನು ಹಾಕಿಸುವುದು ಇದಕ್ಕೆ ಮದ್ದು. ಕಂಪೆನಿಯ ಸೀಲೂ ಸೋರಿತೆಂದು ಅಂಗಡಿಯವನನ್ನು ಬೈಯುವವರಲ್ಲಿ ಅನೇಕರು ಅಚ್ಚನ್ನು ಮುಟ್ಟಿಯೂ ನೋಡಿರುವುದಿಲ್ಲ.

ಸಂಡೂರಿನ ತೊಂದರೆಯು ನೀರಿನದಲ್ಲ, ಧೂಳಿನದು. ಅಲ್ಲಿಯ ಮಸಾರಿ ಹೊಲಗಳ ಧೂಳಿನೊಡನೆ ಅದಿರಿನ ಲಾರಿಗಳು ಓಡಾಡುವ ದಾರಿಯ ಕೆಂಧೂಳೂ ಸೇರಿದೆ. ಕಬ್ಬಿಣದ ಅದಿರಿನ ಕಣವೂ ಮರಳಿನ ಕಣವೂ ಗಟ್ಟಿಯಾದುವುಗಳಾದುದರಿಂದ ಎಂಜಿನ್ನಿನೊಳಗೆ ಹೋದರೆ ಲೈನರು ಮತ್ತು ರಿಂಗುಗಳನ್ನು ಸಾಣೆಯ ಪುಡಿಯಂತೆ ತಿಕ್ಕಿಹಾಕುವುವು. ಹಳೆಯ ಟ್ರಾಕ್ಟರುಗಳಲ್ಲಿ ಅನೇಕವು ಎಣ್ಣೆಯ ಬಟ್ಟಲಿನ ಗಾಳಿ ಶೋಧಕವನ್ನು ಹೊಂದಿವೆ. ಧೂಳಿನ ಕಾಲದಲ್ಲಿ ಆ ಬಟ್ಟಲನ್ನು ದಿನವೂ ತೆಗೆದು ನೋಡಿ, ಕೆಸರನ್ನು ಚೆಲ್ಲಿ, ಗುರುತಿನವರೆಗೆ ಎಣ್ಣೆ ಹಾಕುವುದಕ್ಕೆ ಯಾವ ಬಿಡಿಭಾಗವನ್ನೂ ಕೊಳ್ಳಬೇಕಾಗಿಲ್ಲ. ಇದನ್ನು ಮಾಡದೆ ಬಿಟ್ಟು, ಎರಡು ವರ್ಷಕ್ಕೊಮ್ಮೆ ಅತ್ಯುತ್ತಮವಾದ ಲೈನರು ಪಿಸ್ಟನ್ನುಗಳನ್ನು ಹಾಕಿಸಿ, ಕಂಪೆನಿ ಮಾಲೂ ಬಾಳುವುದಿಲ್ಲವೆಂದು ದೂರುವುದು ಸರಿಯಲ್ಲ. ಶೋಧಕದಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆಯು ಬಿರಿದಿದ್ದರೆ ಬಟ್ಟಲನ್ನು ಎಷ್ಟು ತೊಳೆದರೂ ವ್ಯರ್ಥ. ಧೂಳು ಅಡ್ಡದಾರಿಯಲ್ಲಿ ಹೋಗುವುದು. ಆ ಕೊಳವೆಯನ್ನೂ ಅದರ ಪಟ್ಟಿಗಳನ್ನೂ ಒಳ್ಳೆಯದಾಗಿ ಕೊಳ್ಳಬೇಕು.

ಎಣ್ಣೆಯ ಫಿಲ್ಟರು ಮತ್ತು ಡೀಸೆಲ್ ಫಿಲ್ಟರುಗಳೂ ಇದೇ ವರ್ಗಕ್ಕೆ ಸೇರಿದುವು. ಹೊರಗಿನಿಂದ ನೋಡಿದರೆ ಎಲ್ಲಾ ಫಿಲ್ಟರುಗಳೂ ಒಂದೇ. ಕೆಲಸವೆಲ್ಲಾ ಒಳಗಿನ ಕಾಗದದ್ದು. ಕಾಗದದ ಮಡಿಕೆಗಳು ಕಡಮೆಯಾಗಿದ್ದರೆ ಬೇಗನೆ ಕಟ್ಟಿಕೊಳ್ಳುವುದು. ತುದಿಯ ಅಂಟು ಬಿಟ್ಟರೆ ಅಥವಾ ಒಳಗಿನ ಅಡ್ಡಬಾಗಿಲಿನ ಸ್ಪ್ರಿಂಗು ಸಡಿಲವಾಗಿದ್ದರೆ ಶೋಧಿಸದ ಎಣ್ಣೆಯೇ ಬೇರಿಂಗುಗಳಿಗೆ ಹೋಗುವುದು. ಕೆಟ್ಟ ಫಿಲ್ಟರು ಯಾವ ಸದ್ದನ್ನೂ ಮಾಡದು, ಹೊಗೆಯನ್ನೂ ಬಿಡದು. ಆದುದರಿಂದಲೇ ಖೋಟಾ ಸರಕಿಗೆ ಇದು ಅನುಕೂಲವಾದ ವಸ್ತು. ಬಳಸಿದ ಹಳೆಯ ಫಿಲ್ಟರನ್ನು ಗರಗಸದಿಂದ ಕೊಯ್ದು ಒಳಗನ್ನು ಒಮ್ಮೆ ನೋಡಿದ ರೈತನು ಮುಂದೆ ಅದರ ಬೆಲೆಯಲ್ಲಿ ಚೌಕಾಶಿ ಮಾಡಲಾರನು.

ನಾಜಲ್ಲಿನ ವಿಷಯ ಇನ್ನೂ ಸೂಕ್ಷ್ಮ. ಅದರೊಳಗಿನ ಸೂಜಿಗೂ ಅದು ಆಡುವ ರಂಧ್ರಕ್ಕೂ ನಡುವೆ ಇರುವ ತೆರಪು ಕೆಲವೇ ಮೈಕ್ರಾನುಗಳಷ್ಟು. ಸಾವಿರ ಮೈಕ್ರಾನು ಒಂದು ಮಿಲಿಮೀಟರು. ಇಷ್ಟು ನಿಖರವಾಗಿ ಉಕ್ಕನ್ನು ಉಜ್ಜುವುದು ಸಾಮಾನ್ಯ ಕಾರ್ಖಾನೆಯ ಕೆಲಸವಲ್ಲ. ಕೀಳಾದ ನಾಜಲ್ಲು ಡೀಸೆಲನ್ನು ಮಂಜಿನಂತೆ ಚೆಲ್ಲದೆ ತೊಟ್ಟಿಕ್ಕಿಸುವುದು. ಕಪ್ಪು ಹೊಗೆ ಬರುವುದು, ಡೀಸೆಲ್ ಖರ್ಚು ಏರುವುದು. ಸುಡದೆ ಉಳಿದ ಡೀಸೆಲು ಲೈನರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಎಣ್ಣೆಯನ್ನು ತೆಳ್ಳಗೆ ಮಾಡುವುದು. ಇಲ್ಲಿ ಅಗ್ಗದ ಸರಕಿಗೆ ಎಡೆಯೇ ಇಲ್ಲ. ಆದರೆ ಹೊಸದನ್ನು ಕೊಳ್ಳುವ ಮುನ್ನ ಹಳೆಯದನ್ನು ಪಂಪು ಕೆಲಸದ ಅಂಗಡಿಯಲ್ಲಿ ಒತ್ತಡದ ಯಂತ್ರಕ್ಕೆ ಹಾಕಿಸಿ ನೋಡತಕ್ಕದ್ದು. ತೊಳೆದು ಒತ್ತಡವನ್ನು ಸರಿಪಡಿಸಿದ ಮಾತ್ರಕ್ಕೆ ಸರಿಹೋಗುವ ನಾಜಲ್ಲುಗಳೂ ಉಂಟು.

ಪ್ರಾಣಕ್ಕೆ ಸಂಬಂಧಪಟ್ಟ ಭಾಗಗಳಲ್ಲಿ ಬ್ರೇಕು, ಸ್ಟಿಯರಿಂಗಿನ ಕೀಲುಗಳು ಮತ್ತು ಟ್ರೇಲರನ್ನು ಸಿಕ್ಕಿಸುವ ಗೂಟ ಇವು ಮುಖ್ಯವಾದುವು. ಹೊಸಪೇಟೆಯ ಹಳೆಯ ಸಕ್ಕರೆ ಕಾರ್ಖಾನೆಯು ನಿಂತ ಮೇಲೆ ಅಲ್ಲಿಯ ಕಬ್ಬು ದೂರದ ಕಾರ್ಖಾನೆಗಳಿಗೆ ಹೋಗಬೇಕಾಗಿದೆ. ಎರಡು ಟ್ರೇಲರು ಕಬ್ಬನ್ನು ಹಿಂದೆ ಕಟ್ಟಿಕೊಂಡು ಹೆದ್ದಾರಿಯಲ್ಲಿ ನಡೆಯುವ ಹಳೆಯ ಟ್ರಾಕ್ಟರನ್ನು ನಿಲ್ಲಿಸಬೇಕಾದುದು ಅದರ ಎರಡು ಹಿಂಗಾಲಿಗಳ ಬ್ರೇಕುಗಳೇ. ಬಲಕ್ಕೆ ಒಂದು ಬಗೆಯ ಲೈನಿಂಗು, ಎಡಕ್ಕೆ ಮತ್ತೊಂದು ಬಗೆಯದು ಹಾಕಿದರೆ ಬ್ರೇಕು ತುಳಿದಾಗ ಯಂತ್ರವು ಒಂದು ಕಡೆಗೆ ಎಳೆಯುವುದು. ಹಿಂದಿನಿಂದ ಭಾರವು ತಳ್ಳುತ್ತಿರುವಾಗ ಟ್ರಾಕ್ಟರು ಅಡ್ಡಲಾಗಿ ತಿರುಗಿಬಿಡುವುದುಂಟು. ಆದುದರಿಂದ ಒಂದು ಕಡೆಯದು ಮಾತ್ರ ಸವೆದಿದ್ದರೂ ಎರಡು ಕಡೆಯದನ್ನೂ ಒಂದೇ ತಯಾರಿಕೆಯ ಜೊತೆಯಾಗಿ ಬದಲಾಯಿಸಬೇಕು. ಎಣ್ಣೆಯಲ್ಲಿ ಮುಳುಗಿರುವ ಬ್ರೇಕಾದರೆ ಎಣ್ಣೆಗೆ ತಕ್ಕ ತಟ್ಟೆಗಳೇ ಬೇಕು. ಅಲ್ಲದಿದ್ದರೆ ಅವುಗಳ ಮೇಲ್ಪದರವು ಸುಲಿದು ಅದೇ ಎಣ್ಣೆಯನ್ನು ಬಳಸುವ ಹೈಡ್ರಾಲಿಕ್ಕಿನ ಜಾಲರಿಯನ್ನು ಕಟ್ಟುವುದು.

ಟ್ರೇಲರಿನ ಗೂಟಕ್ಕೆ ಸಿಕ್ಕಿದ ಕಬ್ಬಿಣದ ಸರಳನ್ನೋ ಬೋಲ್ಟನ್ನೋ ಹಾಕುವ ಪದ್ಧತಿಯನ್ನು ಬಿಡಬೇಕು. 2024ನೆಯ ಇಸವಿ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಬಾಗಿಲುಗಳಲ್ಲಿ 19ನೆಯದರ ಸರಪಳಿಯು ಕಡಿದು, ಇಡೀ ಬಾಗಿಲೇ ನೀರಿನಲ್ಲಿ ಕೊಚ್ಚಿಹೋದುದನ್ನು ಈ ಸೀಮೆಯವರು ಮರೆತಿರಲಾರರು. ಭಾರವನ್ನು ಹಿಡಿದಿರುವ ಕೊಂಡಿಯು ಭಾರಕ್ಕಿಂತ ಎಷ್ಟು ಚಿಕ್ಕದಾಗಿರುವುದೆಂಬುದು ಅಂದು ಎಲ್ಲರಿಗೂ ಕಂಡಿತು.

ಅಗ್ಗದ ಸರಕು ಸಾಕಾಗುವ ಭಾಗಗಳೂ ಬಹಳವಾಗಿವೆ. ಮಡ್‌ಗಾರ್ಡು, ಬಾನೆಟ್ಟು, ಸೀಟು, ದೀಪದ ಹಿಡಿ, ಸೈಲೆನ್ಸರಿನ ಕೊಳವೆ, ಬ್ಯಾಟರಿಯ ಪೆಟ್ಟಿಗೆ ಇವು ಕೆಟ್ಟರೆ ಕಣ್ಣಿಗೆ ಕಾಣುವುವು, ಬೇರೆ ಯಾವುದನ್ನೂ ಕೆಡಿಸುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಬದಲಾಯಿಸಬಹುದು. ಇವುಗಳಿಗೆ ಕಂಪೆನಿಯ ಬೆಲೆಯನ್ನು ಕೊಡುವುದು ಯಂತ್ರದ ಅಂದಕ್ಕೆ ಮಾತ್ರ. ರೋಟಾವೇಟರಿನ ಅಲಗುಗಳಲ್ಲಿ ಲೆಕ್ಕವು ಬೇರೆ. ಅಲಗು ಸವೆಯುವುದಕ್ಕಾಗಿಯೇ ಇರುವ ಭಾಗ. ಒಂದು ಜೊತೆಯ ಬೆಲೆಯನ್ನು ಅದು ಉತ್ತ ಎಕರೆಗಳಿಂದ ಭಾಗಿಸಿ, ಎಕರೆಗೆ ಯಾವುದು ಕಡಮೆ ಬೀಳುವುದೋ ಅದನ್ನು ಕೊಳ್ಳಬಹುದು. ಕಂಪ್ಲಿಯ ಮೆತ್ತನೆಯ ಕೆಸರಿನಲ್ಲಿ ಅಗ್ಗದ ಅಲಗೇ ಗೆಲ್ಲಬಹುದು. ಸಂಡೂರಿನ ಗೊರಚು ನೆಲದಲ್ಲಿ ಅದು ಮುರಿಯುವುದು. ಆದರೆ ಅಲಗನ್ನು ಬಿಗಿಯುವ ಬೋಲ್ಟಿನಲ್ಲಿ ಉಳಿತಾಯ ಮಾಡಕೂಡದು. ಬಲವಾದ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕೆಯು ಮೂಡಿರುವುದು. ಅಂಕೆ ಹೆಚ್ಚಿದಷ್ಟೂ ಉಕ್ಕು ಬಲವಾದುದು. ತಲೆಯ ಮೇಲೆ ಏನೂ ಇಲ್ಲದ ಬೋಲ್ಟು ಬಾಗಿಲಿನ ಚಿಲಕಕ್ಕೆ ಸರಿ, ಉಳುವ ಯಂತ್ರಕ್ಕಲ್ಲ.

ಬೇರಿಂಗುಗಳ ವಿಷಯದಲ್ಲಿ ರೈತನಿಗೆ ಒಂದು ಅನುಕೂಲವಿದೆ. ಗುಂಡಿನ ಬೇರಿಂಗುಗಳ ಅಳತೆಗಳು ಪ್ರಪಂಚಕ್ಕೆಲ್ಲಾ ಒಂದೇ. 6205 ಎಂಬ ಬೇರಿಂಗು ಯಾವ ದೇಶದ್ದಾದರೂ ಅದರ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿಲಿಮೀಟರು. ಈ ಬಗೆಯ ನಂಬರಿನ ಕೊನೆಯ ಎರಡು ಅಂಕೆಗಳು 04 ಅಥವಾ ಅದಕ್ಕೆ ಮೇಲ್ಪಟ್ಟು ಇದ್ದರೆ, ಅವನ್ನು ಐದರಿಂದ ಗುಣಿಸಿದಾಗ ಒಳವ್ಯಾಸವು ಬರುವುದು. ಹೀಗಿರುವಲ್ಲಿ ಟ್ರಾಕ್ಟರು ಕಂಪೆನಿಯ ಡಬ್ಬಿಯನ್ನೇ ಹುಡುಕಬೇಕಾದ ಅಗತ್ಯವಿಲ್ಲ. ಹೆಸರಾಂತ ಬೇರಿಂಗು ಕಾರ್ಖಾನೆಯ ಸರಕನ್ನು ನಂಬರಿನಿಂದಲೇ ಕೊಳ್ಳಬಹುದು. ನಂಬರಿನ ಮುಂದೆ ಸಿ3 ಎಂಬ ಗುರುತೇನಾದರೂ ಇದ್ದರೆ ಅದನ್ನೂ ಬಿಡದೆ ಕೇಳಬೇಕು. ಅದು ಒಳಗಿನ ಸಡಿಲದ ಅಳತೆಯನ್ನು ಹೇಳುವುದು.

ಕಂಪೆನಿಯೇ ಮುಚ್ಚಿಹೋದ ಯಂತ್ರಗಳಿಗೆ ಏನು ಮಾಡಬೇಕೆಂಬ ಪ್ರಶ್ನೆಯೂ ಉಂಟು. ಎಚ್.ಎಂ.ಟಿ. ಸಂಸ್ಥೆಯು 1971ರಿಂದ ಚೆಕೊಸ್ಲೊವಾಕಿಯ ದೇಶದ ಜೆಟರ್ ಟ್ರಾಕ್ಟರಿನ ಸಹಯೋಗದಿಂದ ಪಿಂಜೋರಿನಲ್ಲಿ ಟ್ರಾಕ್ಟರುಗಳನ್ನು ತಯಾರಿಸಿತು. 2016ರಲ್ಲಿ ಕೇಂದ್ರ ಸರ್ಕಾರವು ಆ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಅಂಥ ಟ್ರಾಕ್ಟರನ್ನು ಇಟ್ಟುಕೊಂಡವನು ಕಂಪೆನಿಯ ಹೊಸ ಡಬ್ಬಿಗಾಗಿ ಕಾಯುವಂತಿಲ್ಲ. ಬೇರಿಂಗು, ಸೀಲು, ಫಿಲ್ಟರು, ಪಂಪಿನ ಭಾಗಗಳನ್ನು ಅವುಗಳ ಮೂಲ ಕಾರ್ಖಾನೆಗಳ ನಂಬರಿನಿಂದ ಹುಡುಕಬೇಕು. ಗೇರು, ಅಚ್ಚು, ಎರಕದ ಪೆಟ್ಟಿಗೆಗಳಂಥ ದೊಡ್ಡ ಭಾಗಗಳಿಗೆ ಗುಜರಿಗೆ ಬಂದ ಅದೇ ಮಾದರಿಯ ಟ್ರಾಕ್ಟರು ಒಳ್ಳೆಯ ಆಕರ. ಹಲ್ಲು ಸವೆಯದ ಹಳೆಯ ಅಸಲು ಗೇರು, ಹೆಸರಿಲ್ಲದ ಹೊಸ ಗೇರಿಗಿಂತ ಮೇಲು. ಆದರೆ ಒಂದಕ್ಕೊಂದು ಕಚ್ಚುವ ಎರಡನ್ನೂ ಜೊತೆಯಾಗಿಯೇ ತರಬೇಕು. ಗುಜರಿಯಿಂದ ಬೇರಿಂಗು, ಹೈಡ್ರಾಲಿಕ್ ಕೊಳವೆ, ಬ್ರೇಕಿನ ಭಾಗಗಳನ್ನು ಮಾತ್ರ ತರತಕ್ಕದ್ದಲ್ಲ.

ಖೋಟಾ ಸರಕನ್ನು ಗುರುತಿಸುವುದು ದಿನೇದಿನೇ ಕಷ್ಟವಾಗುತ್ತಿದೆ, ಏಕೆಂದರೆ ಡಬ್ಬಿಯನ್ನು ನಕಲು ಮಾಡುವುದು ಭಾಗವನ್ನು ನಕಲು ಮಾಡುವುದಕ್ಕಿಂತ ಸುಲಭ. ಡಬ್ಬಿಗಿಂತ ಭಾಗವನ್ನೇ ನೋಡಬೇಕು. ಹಳೆಯದನ್ನು ಪಕ್ಕದಲ್ಲಿಟ್ಟು ತೂಕ, ಅಂಚಿನ ನುಣುಪು, ಅಂಕೆಗಳ ಅಚ್ಚು ಇವುಗಳನ್ನು ಹೋಲಿಸಿದರೆ ಬಹುಮಟ್ಟಿಗೆ ತಿಳಿಯುವುದು. ಇದಕ್ಕಿಂತ ಬಲವಾದ ರಕ್ಷಣೆಯೆಂದರೆ ಭಾಗದ ನಂಬರು ಬರೆದ ರಸೀತಿ. ಪರರ ಮುದ್ರೆಯನ್ನು ನಕಲು ಮಾಡಿ ಮಾರುವುದು 1999ರ ವ್ಯಾಪಾರ ಚಿಹ್ನೆಗಳ ಕಾನೂನಿನಂತೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆಮನೆಯ ಶಿಕ್ಷೆಗೆ ಗುರಿಯಾದ ಅಪರಾಧ. ರೈತನು 2019ರ ಗ್ರಾಹಕ ಸಂರಕ್ಷಣಾ ಕಾನೂನಿನಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಲೂಬಹುದು. ರಸೀತಿಯಿಲ್ಲದಿದ್ದರೆ ಯಾವ ದೂರೂ ನಿಲ್ಲುವುದು ಕಷ್ಟ. ರಸೀತಿ ಬೇಡವೆಂದರೆ ತೆರಿಗೆ ಉಳಿಯುವುದೆಂದು ಅಂಗಡಿಯಲ್ಲಿ ಹೇಳುವುದುಂಟು. ಬ್ರೇಕು, ಗೇರುಪೆಟ್ಟಿಗೆ, ರೇಡಿಯೇಟರು, ಹೈಡ್ರಾಲಿಕ್ ಪಂಪು, ಹಿಂಗಾಲಿಯ ಟೈರು ಟ್ಯೂಬು ಮೊದಲಾದ ಟ್ರಾಕ್ಟರು ಭಾಗಗಳ ಮೇಲಣ ಜಿ.ಎಸ್.ಟಿ. ತೆರಿಗೆಯು 2025ನೆಯ ಇಸವಿ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿದಿರುವುದರಿಂದ ಆ ಆಸೆಗೆ ಈಗ ಅರ್ಥವಿಲ್ಲ.

ಆರಿಸುವುದಕ್ಕೆ ಸಮಯವೂ ಬೇಕು. ಗದ್ದೆಯ ನಡುವೆ ನಿಂತ ಟ್ರಾಕ್ಟರಿಗೆ ಭಾಗ ತರಲು ಓಡುವವನು ಅಂಗಡಿಯಲ್ಲಿ ಇದ್ದುದನ್ನು ಕೊಳ್ಳುವನಲ್ಲದೆ ಬೇಕಾದುದನ್ನಲ್ಲ. ಹೆಸರಿಲ್ಲದ ಸರಕು ಹೆಚ್ಚಾಗಿ ಖರ್ಚಾಗುವುದೂ ಇಂಥ ದಿನಗಳಲ್ಲಿಯೇ. ಕಾಲುವೆಗಳಲ್ಲಿ ನೀರು ನಿಂತಿರುವ ಬೇಸಗೆಯ ವಾರಗಳಲ್ಲಿ ಮುಂಗಾಲಿಗಳನ್ನು ಜಾಕಿಯ ಮೇಲೆ ಎತ್ತಿ ಅಲ್ಲಾಡಿಸಿ ನೋಡುವುದು, ಗೇರುಪೆಟ್ಟಿಗೆಯ ಎಣ್ಣೆಯ ಬಣ್ಣವನ್ನು ನೋಡುವುದು, ಎರಡು ಬ್ರೇಕುಗಳೂ ಒಂದೇ ಸಮನಾಗಿ ಹಿಡಿಯುವುವೇ ಎಂದು ಪರೀಕ್ಷಿಸುವುದು ಇವಿಷ್ಟಕ್ಕೆ ಒಂದು ಬೆಳಗು ಸಾಕು. ಬೇಕಾದ ಭಾಗಗಳ ನಂಬರುಗಳನ್ನು ಚೀಟಿಯಲ್ಲಿ ಬರೆದು ಆಗಲೇ ಕೇಳಿದರೆ, ಹೊಸಪೇಟೆಯ ಅಂಗಡಿಯಲ್ಲಿ ಇಲ್ಲದ್ದನ್ನು ಬಳ್ಳಾರಿಯಿಂದಲೋ ಹುಬ್ಬಳ್ಳಿಯಿಂದಲೋ ತರಿಸಲು ಸಾಕಷ್ಟು ದಿನಗಳು ಇರುವುವು. ಅಚ್ಚಿನ ಸೀಲುಗಳ ಒಂದು ಜೊತೆ, ಎಣ್ಣೆ ಮತ್ತು ಡೀಸೆಲ್ ಫಿಲ್ಟರು ಒಂದೊಂದು, ಫ್ಯಾನ್ ಬೆಲ್ಟು ಒಂದು, 8.8ರ ಗುರುತಿನ ಬೋಲ್ಟು ನಟ್ಟುಗಳು ಒಂದು ಡಜನ್ ಇಷ್ಟನ್ನು ಬಿಸಿಲು ತೇವ ತಗಲದ ಕಡೆ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡಿರಬೇಕು. ಸೀಲುಗಳನ್ನು ಮಾತ್ರ ಮೊಳೆಗೆ ನೇತುಹಾಕಬಾರದು, ತುಟಿಯು ಸೊಟ್ಟಗಾಗುವುದು.